ಒಂದೇ ನಂಬರಿನ ಕೊಂಡಿಗಳು

ಏಪ್ರಿಲ್ ಮೂರರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ಗೋಡೆಯ ನಕ್ಷೆಯಲ್ಲಿ ಒಂಬತ್ತು ಮನೆಗಳು ಬೂದು ಬಣ್ಣಕ್ಕೆ ತಿರುಗಿದವು.

ಮನೆವಾರ್ಡ್ ಕೇಂದ್ರದ ಆ ಗೋಡೆಯ ಮೇಲೆ ಒಟ್ಟು ಸಾವಿರದ ನೂರ ನಲವತ್ತು ಚುಕ್ಕೆಗಳಿದ್ದವು. ಒಂದು ಚುಕ್ಕೆ ಎಂದರೆ ಒಂದು ಮನೆ. ಆ ಮನೆಯಲ್ಲೊಬ್ಬ ರೋಗಿ, ಅವನ ಮೂಗಿಗೆ ಕೊಳವೆ ಕೊಟ್ಟ ಆಕ್ಸಿಜನ್ ಯಂತ್ರ, ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಕಚ್ಚಿಕೊಂಡ ಒಂದು ಕ್ಲಿಪ್ಪು. ಹಸಿರು ಎಂದರೆ ಉಸಿರು ಸರಿಯಾಗಿದೆ, ಹಳದಿ ಎಂದರೆ ಕಣ್ಣಿಡಬೇಕು, ಕೆಂಪು ಎಂದರೆ ಆಂಬುಲೆನ್ಸ್ ಹೊರಡಬೇಕು. ಬೂದು ಎಂದರೆ ಆ ಮನೆಯಿಂದ ಸುದ್ದಿಯೇ ಬರುತ್ತಿಲ್ಲ. ಕೆಂಪಾದರೆ ಏನು ಮಾಡಬೇಕೆಂದು ಪುಸ್ತಕದಲ್ಲಿ ಬರೆದಿತ್ತು. ಬೂದಾದರೆ ಫೋನ್ ಮಾಡಿ ವಿಚಾರಿಸಿ ಎಂದಷ್ಟೇ ಇತ್ತು.

ನಕ್ಷೆಯ ಮುಂದೆ ಕೂತಿದ್ದ ಫರ್ಹಾನಾ ದಾವಣಗೆರೆಯವಳು, ನೆಟ್‌ವರ್ಕ್ ಇಂಜಿನಿಯರ್. ಈ ಬಿಸಿಲು ಜಿಲ್ಲೆಗೆ ಬಂದು ಎಂಟು ತಿಂಗಳಾಗಿತ್ತು. ಒಂಬತ್ತು ಮನೆಗೂ ಫೋನ್ ಹೋಯಿತು. ಏಳು ಕಡೆ ಕರೆಂಟಿದೆ, ಇಂಟರ್ನೆಟ್ಟಿದೆ, ಯಂತ್ರ ನಡೆಯುತ್ತಿದೆ ಎಂದರು. ಇನ್ನೆರಡು ಕಡೆ ಹೆದರಿದ ದನಿಯಲ್ಲಿ, ಗಾಳಿ ಕಡಿಮೆ ಬರುತ್ತಿದೆ ಎಂದರು. ಐದೂವರೆಯ ಹೊತ್ತಿಗೆ ಒಂಬತ್ತೂ ಮನೆಗಳು ತಾವಾಗಿ ಎಂಬಂತೆ ಹಸಿರಾದವು. ಏನು ಕೆಟ್ಟಿತ್ತು, ಏನು ಸರಿಯಾಯಿತು ಎಂದು ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಗಳಲ್ಲಿ ಹಾಸಿಗೆ ಸಾಲದಾದ ಮೇಲೆ ಮನೆಗಳನ್ನೇ ವಾರ್ಡ್ ಮಾಡಿದ ಕಾಲ ಅದು. ಜನ ಅದಕ್ಕೆ ಹೊಂದಿಕೊಂಡಿದ್ದರು. ರೋಗಿಗೆ ತನ್ನ ಮನೆಯ ರೊಟ್ಟಿ, ತನ್ನದೇ ಹೊರಸಿನ ಮಂಚ. ವೈದ್ಯರು ಮಾತ್ರ ದೂರದ ಕೇಂದ್ರದಲ್ಲಿ. ಯಾರಿಗೆ ಎಷ್ಟು ಲೀಟರ್ ಆಕ್ಸಿಜನ್ ಎಂಬುದನ್ನು ಅಲ್ಲಿಂದಲೇ ತಿದ್ದುತ್ತಿದ್ದರು. ಮೊದಲು ಯಂತ್ರಗಳ ಮೈಮೇಲೆ ತಿರುಗಿಸುವ ಗುಂಡಿಯೂ ಇತ್ತು. ದೂರದ ಒಂದು ನಗರದಲ್ಲಿ ಯಾರೋ ಮನೆಗಳ ಟಿವಿಯ ಮೂಲಕ ಒಳನುಗ್ಗಿ ಅರವತ್ತು ಯಂತ್ರಗಳನ್ನು ಒಂದೇ ಬೆಳಿಗ್ಗೆ ಏರುಪೇರು ಮಾಡಿದ ಮೇಲೆ ಎರಡು ನಿಯಮ ಬಂದವು. ಒಂದು, ಗುಂಡಿ ತೆಗೆದುಹಾಕಿ. ಕೇಂದ್ರದ ಮಾತನ್ನು ಬಿಟ್ಟು ಯಂತ್ರ ಇನ್ಯಾರ ಮಾತನ್ನೂ ಕೇಳಕೂಡದು, ಸಂಪರ್ಕ ಕಡಿದರೆ ಎರಡು ಲೀಟರಿಗೆ ಇಳಿದು ಕಾಯಬೇಕು. ಎರಡು, ಪ್ರತಿ ಮನೆವಾರ್ಡಿನಲ್ಲೂ ಹೊರಗಿನ ಇಂಟರ್ನೆಟ್ಟಿಗೂ ಒಳಗಿನ ಯಂತ್ರಕ್ಕೂ ನಡುವೆ ಫೈರ್‌ವಾಲ್ ಎಂಬ ಕಾವಲು ಪೆಟ್ಟಿಗೆ ಇರಬೇಕು.

ಅಷ್ಟೊಂದು ಫೈರ್‌ವಾಲ್ ಪೆಟ್ಟಿಗೆ ಎಲ್ಲಿಂದ ತರುವುದು? ಶಾಲೆಗಳಲ್ಲಿ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರುಗಳನ್ನು ತಂದು, ಉಚಿತವಾಗಿ ಸಿಗುವ ಫೈರ್‌ವಾಲ್ ತಂತ್ರಾಂಶ ತುಂಬಿ ಹಂಚಿದರು. ತೊಡಕು ಒಂದೇ. ಕಾವಲುಗಾರನಿಗೆ ಎರಡು ಬಾಗಿಲು ಬೇಕು, ಬೀದಿಯ ಕಡೆಗೊಂದು, ಒಳಮನೆಯ ಕಡೆಗೊಂದು. ಹಳೆಯ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿ ಒಂದೇ ಇರುತ್ತದೆ. ಎರಡನೆಯದಕ್ಕಾಗಿ ಹೆಬ್ಬೆರಳು ಗಾತ್ರದ ಯುಎಸ್‌ಬಿ ಅಡಾಪ್ಟರ್ ಕೊಟ್ಟರು. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿಗೆ ಯಂತ್ರದ ಕೇಬಲ್. ಆ ಕಡೆಯ ಜನ ಅದಕ್ಕೆ ಕೊಂಡಿ ಎಂದು ಹೆಸರಿಟ್ಟರು. ಸಾವಿರ ಮನೆಯ ಉಸಿರು ಆ ಕೊಂಡಿಯ ಮೂಲಕ ಹೋಗಿಬರುತ್ತಿತ್ತು. ಅದರತ್ತ ಯಾರೂ ಎರಡನೆಯ ಸಲ ನೋಡಿರಲಿಲ್ಲ.

*

ಕೇಂದ್ರದಿಂದ ನಲವತ್ತು ಕಿಲೋಮೀಟರ್ ದೂರದ ಇಂಗಳವಾಡಿ ಫರ್ಸಿ ಎಂಬ ಹಾಸುಗಲ್ಲಿನ ಊರು. ನೆಲಕ್ಕೆ ಕಲ್ಲು, ಗೋಡೆಗೆ ಕಲ್ಲು, ತಲೆಯ ಮೇಲಿನ ಮಾಳಿಗೆಗೂ ಕಲ್ಲಿನ ಹಾಸು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮನೆಯೇ ಕಾದ ಹಂಚಾಗುತ್ತದೆ. ಮಾಪಣ್ಣ ಅಲ್ಲಿನ ಪಾಲಿಶ್ ಘಟಕದಲ್ಲಿ ಇಪ್ಪತ್ತಾರು ವರ್ಷ ಕಲ್ಲು ನಯ ಮಾಡಿದವನು. ಕಲ್ಲು ನಯವಾಯಿತು, ಅದರ ಧೂಳೆಲ್ಲ ಅವನ ಪುಪ್ಪುಸದಲ್ಲಿ ಕೂತಿತು. ಐವತ್ತೆರಡಕ್ಕೇ ಹಾಸಿಗೆ ಹಿಡಿದಿದ್ದ. ಬೆಳಿಗ್ಗೆ ಎರಡು ಲೀಟರಿನಲ್ಲಿ ನಡೆಯುತ್ತಿತ್ತು, ಬಿಸಿಲೇರಿದರೆ ನಾಲ್ಕು ಬೇಕು.

ಏಪ್ರಿಲ್ ಮೂರರಂದು ಗಾಳಿ ಕಡಿಮೆಯಾಯಿತೆಂದು ಹೇಳಿದ ಎರಡು ಮನೆಗಳಲ್ಲಿ ಒಂದು ಅವನದೇ. ಅವನ ಹೆಂಡತಿ ಚಂದಮ್ಮ ಕೇಂದ್ರದ ಫೋನಿಗೆ ಉತ್ತರ ಕೊಟ್ಟು, ಆಮೇಲೆ ಪಕ್ಕದ ಮನೆಗೆ ಓಡಿ ಜಗದೇವಿಯನ್ನು ಕರೆತಂದಳು.

ಜಗದೇವಿಗೆ ಆಗ ಅರವತ್ತೊಂದು. ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಪ್ರಯೋಗಶಾಲೆಯಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವರು. ಮೇಜು ಒರೆಸುವುದು, ಹುಡುಗರಿಗೆ ಮೀಟರು ವೈರು ಎಣಿಸಿ ಕೊಡುವುದು, ಸಂಜೆ ಎಣಿಸಿ ಒಳಗಿಡುವುದು ಅವರ ಕೆಲಸ. ಓದಿದ್ದು ಏಳನೇ ಇಯತ್ತೆ. ಆದರೆ ಯಾವ ಮೀಟರು ಯಾವ ಹೊತ್ತಿಗೆ ಸುಳ್ಳು ಹೇಳುತ್ತದೆ ಎಂಬುದು ಮೇಷ್ಟರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾವ ವಸ್ತು ಯಾವಾಗ ಕೈಕೊಟ್ಟಿತು ಎಂದು ದಿನವೂ ಬರೆದಿಡುವ ಅಭ್ಯಾಸವಿತ್ತು. ನಿವೃತ್ತಿಯಾದ ಮೇಲೂ ಅದು ಹೋಗಿರಲಿಲ್ಲ.

ಒಳಗೆ ಬಂದವರೇ ಮೊದಲು ಮಾಪಣ್ಣನನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟರು. ಅವನ ತುಟಿ ನೀಲಿಗಟ್ಟಿತ್ತು. ಆಮೇಲೆ ಫೈರ್‌ವಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಕೊಂಡಿಯ ಹಸಿರು ದೀಪ ಉರಿಯುತ್ತಿತ್ತು. ಮುಟ್ಟಿ ನೋಡಿದರೆ ಬೆರಳು ಸುಟ್ಟಿತು. ಅದನ್ನು ಕಿತ್ತು, ಸೆರಗಿನಿಂದ ಗಾಳಿ ಬೀಸಿ, ಒದ್ದೆ ಅರಿವೆಯ ಪಕ್ಕ ಐದು ನಿಮಿಷ ಇಟ್ಟು ಮತ್ತೆ ಸಿಕ್ಕಿಸಿದರು. ಯಂತ್ರ ಒಮ್ಮೆ ಸದ್ದು ಮಾಡಿ ನಾಲ್ಕು ಲೀಟರಿಗೆ ಏರಿತು.

ಚಂದಮ್ಮ ಕೈಮುಗಿದಳು. ಜಗದೇವಿ ಅವಳತ್ತ ನೋಡದೆ ಕೊಂಡಿಯನ್ನೇ ನೋಡುತ್ತಿದ್ದರು.

"ದೀಪ ಉರೀತದ, ದಾರಿ ನಡಿಯಂಗಿಲ್ಲ," ಎಂದರು. "ಇದು ಕೆಟ್ಟಿಲ್ಲ ಚಂದಮ್ಮ. ಕೆಟ್ಟಿಲ್ಲ ಅಂತ ಸುಳ್ಳು ಹೇಳಲಿಕತ್ತದ."

*

ಕೇಂದ್ರದಲ್ಲಿ ಏಪ್ರಿಲ್ ಐದಕ್ಕೆ ಮೂವತ್ತೊಂದು ಮನೆಗಳು ಬೂದಾದವು. ಎಂಟಕ್ಕೆ ಎಂಬತ್ತು. ಎಲ್ಲವೂ ಮಧ್ಯಾಹ್ನವೇ, ಎಲ್ಲವೂ ಸಂಜೆ ತಾವಾಗಿ ಮರಳುವಂಥವು. ಫರ್ಹಾನಾ ಇಂಟರ್ನೆಟ್ ಕಂಪನಿಯವರನ್ನು ಕರೆಸಿದಳು, ಅವರ ತಂತಿಯಲ್ಲಿ ದೋಷವಿರಲಿಲ್ಲ. ಕೇಬಲ್ ಬದಲಿಸಿದಳು, ಫಲವಾಗಲಿಲ್ಲ. ಫೈರ್‌ವಾಲುಗಳು ಬರೆದಿಟ್ಟ ದಿನಚರಿಯನ್ನು ಸಾಲುಸಾಲಾಗಿ ಓದಿದಳು. ಎರಡೂ ಬಾಗಿಲು ತೆರೆದಿವೆ, ಅಡಾಪ್ಟರ್ ಸರಿಯಾಗಿದೆ ಎಂದೇ ಎಲ್ಲ ಕಡೆ ಬರೆದಿತ್ತು. ಆದರೂ ಅನುಮಾನವಾಗಿ ಇಪ್ಪತ್ತು ಮನೆಗೆ ಹೊಸ ಅಡಾಪ್ಟರ್ ಕಳಿಸಿದಳು. ಅದೇ ಉಗ್ರಾಣದ ಅದೇ ಸರಕು. ಆರು ಮನೆ ಸರಿಹೋದವು, ಹದಿನಾಲ್ಕು ಹೋಗಲಿಲ್ಲ. ಇದರಿಂದ ಅವಳ ತಲೆ ಇನ್ನಷ್ಟು ಕೆಟ್ಟಿತು.

ತಂತ್ರಾಂಶಕ್ಕೆ ಯಾವ ಅಡಾಪ್ಟರ್ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬ ಅಧಿಕೃತ ಪಟ್ಟಿಯೊಂದಿತ್ತು. ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಯಾವುದು ಎಂಬುದು ಅಲ್ಲಿ ಮುಖ್ಯ. ಕೆಲವು ಚಿಪ್ಪುಗಳ ಭಾಷೆ ಫೈರ್‌ವಾಲಿಗೆ ಪೂರ್ತಿ ಬರುತ್ತದೆ, ಕೆಲವದರದು ಅರೆಬರೆ. ಸಿಕ್ಕಿಸಿದ ಕೂಡಲೇ ಅಡಾಪ್ಟರ್ ತನ್ನ ಚಿಪ್ಪು ಇಂಥದ್ದೆಂದು ತಾನೇ ಹೇಳಿಕೊಳ್ಳುತ್ತದೆ. ಸಾವಿರದ ನೂರ ನಲವತ್ತು ಮನೆಗಳಲ್ಲೂ ಅದು ಪಟ್ಟಿಯಲ್ಲಿದ್ದ ಚಿಪ್ಪಿನ ಹೆಸರನ್ನೇ ಹೇಳುತ್ತಿತ್ತು.

ಹದಿಮೂರನೇ ತಾರೀಖು ನೂರ ಅರವತ್ತು ಮನೆಗಳು ಬೂದಾದಾಗ, ಅವುಗಳಲ್ಲೊಂದರಲ್ಲಿ ಒಬ್ಬ ನಿವೃತ್ತ ಶಿಕ್ಷಕಿ ತೀರಿಕೊಂಡರು. ಆಂಬುಲೆನ್ಸ್ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಕೆಯ ಚುಕ್ಕೆಯ ಸಂಖ್ಯೆ ಏಳುನೂರ ಆರು. ಫರ್ಹಾನಾ ಆ ದಿನ ಊಟದ ಡಬ್ಬಿ ತೆರೆಯಲಿಲ್ಲ. ಮನೆವಾರ್ಡಿನ ನಿರ್ದೇಶಕ ಡಾಕ್ಟರ್ ಪಂಪಾಪತಿ ಅವಳ ಪಕ್ಕ ಬಂದು ನಿಂತು ಗೋಡೆಯ ಮೇಲಿನ ಆ ಚುಕ್ಕೆಯನ್ನು ನೋಡಿ ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು.

*

ಆ ಹತ್ತು ದಿನ ಜಗದೇವಿ ಸುಮ್ಮನೆ ಕೂತಿರಲಿಲ್ಲ. ಮಾಪಣ್ಣನ ಮನೆಯ ಕೊಂಡಿಯನ್ನು ಪರೀಕ್ಷೆಗೆ ಒಯ್ಯುವಂತಿರಲಿಲ್ಲ, ಅವನ ಉಸಿರು ಅದಕ್ಕೆ ಕಟ್ಟಿಕೊಂಡಿತ್ತು. ಅದಕ್ಕೇ ಪೇಟೆಗೆ ಹೋಗಿ ಅದೇ ಹೆಸರಿನ, ಅದೇ ಪೆಟ್ಟಿಗೆಯ ಮೂರು ಕೊಂಡಿ ತಂದರು. ಪಾಲಿಟೆಕ್ನಿಕ್ಕಿನವರು ಹಿಂದೆ ವಿಲೇವಾರಿ ಮಾಡಿದ್ದ ಕಂಪ್ಯೂಟರೊಂದು ಮನೆಯಲ್ಲಿತ್ತು, ಅದಕ್ಕೂ ಅದೇ ತಂತ್ರಾಂಶ ತುಂಬಿಸಿದರು. ಒಲೆಯ ಮೇಲೆ ರೊಟ್ಟಿ ಹಂಚಿಟ್ಟು, ಅದರ ಮೇಲೆ ನಾಲ್ಕು ಮಡಿಕೆಯ ಅರಿವೆ ಹಾಸಿ, ಅರಿವೆಯ ಮೇಲೆ ಕೊಂಡಿ, ಕೊಂಡಿಗೆ ಒತ್ತಿ ಥರ್ಮಾಮೀಟರು. ಸಣ್ಣ ಉರಿ. ಕೊಂಡಿಯ ಮೂಲಕ ಎಡೆಬಿಡದೆ ಸಂದೇಶ ಹರಿಸುತ್ತ, ಎಷ್ಟು ಕಾವಿಗೆ ನಿಲ್ಲುತ್ತದೆ ಎಂದು ಕಾದು ಕೂತರು.

ಮೊದಲನೆಯದು ಅರವತ್ತೊಂದು ಡಿಗ್ರಿಗೆ ನಿಂತಿತು. ದೀಪ ಉರಿಯುತ್ತಲೇ ಇತ್ತು. ಆರಿಸಿ ಮತ್ತೆ ಕಾಯಿಸಿದರು, ಅರವತ್ತೇ. ಮತ್ತೆ, ಅರವತ್ತೊಂದು. ಎರಡನೆಯದೂ ಹಾಗೆಯೇ. ಮೂರನೆಯದು ಎಂಬತ್ತು ದಾಟಿದರೂ ನಿಲ್ಲಲಿಲ್ಲ. ಅರಿವೆ ಸುಟ್ಟ ವಾಸನೆ ಬಂದು ಅವರೇ ಒಲೆ ಆರಿಸಬೇಕಾಯಿತು.

ಒಂದೇ ಪೆಟ್ಟಿಗೆ, ಒಂದೇ ಬಣ್ಣ, ಕೇಳಿದರೆ ಒಂದೇ ಚಿಪ್ಪಿನ ಹೆಸರು. ವ್ಯತ್ಯಾಸ ಎಲ್ಲಿದೆ ಎಂದು ಹುಡುಕಲು ಮೂರರ ಬಗ್ಗೆಯೂ ಪರದೆಯ ಮೇಲೆ ಬಂದದ್ದನ್ನೆಲ್ಲ ಒಂದಕ್ಷರ ಬಿಡದೆ ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕ ಬರೆದರು. ಇಂಗ್ಲಿಷ್ ಅಕ್ಷರಗಳನ್ನು ಅವರು ಬರೆಯುವುದು ನಿಧಾನ. ಎರಡು ತಾಸು ಹಿಡಿಯಿತು. ಆಗ ಕಂಡದ್ದು ಹನ್ನೆರಡು ಅಕ್ಷರ-ಅಂಕಿಗಳ ಒಂದು ಸಾಲು.

ನೆಟ್‌ವರ್ಕಿಗೆ ಸೇರುವ ಪ್ರತಿಯೊಂದು ಸಾಧನಕ್ಕೂ ಕಾರ್ಖಾನೆಯಲ್ಲೇ ಅಂಥದೊಂದು ವಿಳಾಸ ಬರೆದು ಕಳಿಸುತ್ತಾರೆ. ಒಂದಕ್ಕಿದ್ದದ್ದು ಇನ್ನೊಂದಕ್ಕೆ ಇರಬಾರದು. ಬಿಸಿಗೆ ನಿಂತುಹೋದ ಎರಡು ಕೊಂಡಿಗಳ ವಿಳಾಸ ಒಂದೇ ಆಗಿತ್ತು. ನಿಲ್ಲದ ಮೂರನೆಯದರದು ಬೇರೆ. ಜಗದೇವಿ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಮಾಪಣ್ಣನ ಮನೆಗೆ ನಡೆದರು. ಅವನ ಫೈರ್‌ವಾಲಿನ ಪರದೆಯಲ್ಲಿ ನೋಡಿದರೆ ಅಲ್ಲೂ ಅದೇ ಹನ್ನೆರಡು. ಊರಿನಲ್ಲಿ ಇನ್ನೂ ನಾಲ್ಕು ಮನೆವಾರ್ಡ್ ಇದ್ದವು, ನಾಲ್ಕಕ್ಕೂ ಹೋದರು. ಎರಡರಲ್ಲಿ ಅದೇ ವಿಳಾಸ, ಆ ಎರಡೂ ಮಧ್ಯಾಹ್ನ ಕೈಕೊಡುವ ಮನೆಗಳು.

ಯಾರೋ ಅಗ್ಗದ ಚಿಪ್ಪಿಗೆ ಒಳ್ಳೆಯ ಚಿಪ್ಪಿನ ಹೆಸರು ಕಲಿಸಿ ಮಾರಿದ್ದರು. ಹೆಸರು ಕಲಿಸಿದವರು ಒಂದೊಂದಕ್ಕೂ ಬೇರೆ ವಿಳಾಸ ಬರೆಯುವ ಗೋಜಿಗೆ ಹೋಗಿರಲಿಲ್ಲ. ಪ್ರತಿ ಮನೆಯ ನೆಟ್‌ವರ್ಕ್ ಬೇರೆಬೇರೆಯಾದ್ದರಿಂದ ಒಂದೇ ವಿಳಾಸದ ಎರಡು ಕೊಂಡಿಗಳು ಎಂದೂ ಎದುರುಬದುರಾಗಿರಲಿಲ್ಲ. ಎದುರಾದದ್ದು ಜಗದೇವಿಯ ನೋಟ್‌ಬುಕ್ಕಿನ ಹಾಳೆಯಲ್ಲೇ.

ರೋಗ ಗೊತ್ತಾಯಿತು, ಮದ್ದು ಬೇಕಲ್ಲ. ಇನ್ನೂ ಮೂರು ದಿನ ಹಂಚಿನ ಮುಂದೆ ಕೂತರು. ಈ ಕೊಂಡಿಗಳು ಮೂರು ವೇಗದಲ್ಲಿ ಕೆಲಸ ಮಾಡಬಲ್ಲವು, ಸೆಕೆಂಡಿಗೆ ಸಾವಿರ, ನೂರು, ಇಲ್ಲವೇ ಹತ್ತು ಮೆಗಾಬಿಟ್. ಎಲ್ಲ ಮನೆಯಲ್ಲೂ ಸಾವಿರದಲ್ಲಿ ಓಡುತ್ತಿದ್ದವು, ಅದಕ್ಕೇ ತಮ್ಮಷ್ಟಕ್ಕೇ ಕಾಯುತ್ತಿದ್ದವು. ಆದರೆ ರೋಗಿಯೊಬ್ಬನ ಉಸಿರಿನ ಲೆಕ್ಕ ಕಳಿಸಲು ಹತ್ತರ ವೇಗವೂ ಬೇಕಾದ್ದಕ್ಕಿಂತ ಹೆಚ್ಚು. ಜಗದೇವಿ ವೇಗವನ್ನು ಹತ್ತಕ್ಕೆ ಕಟ್ಟಿಹಾಕಿದರು. ಒಲೆ ಬಿಟ್ಟು ಕೊಂಡಿಯನ್ನು ನಡುಮಧ್ಯಾಹ್ನ ಮಾಳಿಗೆಯ ಕೆಳಗಿಟ್ಟರು. ಸಾವಿರದಲ್ಲಿ ಅರವತ್ತು ದಾಟುತ್ತಿದ್ದ ಅದೇ ಕೊಂಡಿ ನಲವತ್ತೆಂಟಕ್ಕಿಂತ ಮೇಲೆ ಕಾಯಲಿಲ್ಲ, ಸಂಜೆಯವರೆಗೆ ಒಂದು ಸಂದೇಶವನ್ನೂ ತಪ್ಪಿಸಲಿಲ್ಲ.

ಹನ್ನೊಂದು ಸಲ ಸಹಾಯವಾಣಿಗೆ ಫೋನ್ ಮಾಡಿದರು. ಹನ್ನೊಂದು ಸಲವೂ ಪೆಟ್ಟಿಗೆ ಆರಿಸಿ ಹಚ್ಚಿ ನೋಡಿ ಎಂದು ಹೇಳಿ ಇಟ್ಟರು. ಹನ್ನೆರಡನೆಯ ಸಲ, ಹದಿನಾರನೇ ತಾರೀಖು ಬೆಳಿಗ್ಗೆ, ಸಹಾಯವಾಣಿಯ ಹುಡುಗಿ ಚಹಾಕ್ಕೆ ಎದ್ದಿದ್ದಳು. ಫೋನ್ ಎತ್ತಿದ್ದು ಫರ್ಹಾನಾ.

*

ಜಗದೇವಿ ಹೆಸರು, ಊರು ಹೇಳಿ, ಇಷ್ಟು ದಿನ ತಾವು ಮಾಡಿದ್ದನ್ನು ತಾರೀಖಿನ ಪ್ರಕಾರ ಓದುತ್ತ ಹೋದರು. ಫರ್ಹಾನಾ ಮೊದಮೊದಲು ಕೇಳಿಸಿಕೊಳ್ಳುತ್ತ ಇನ್ನೇನೋ ಟೈಪ್ ಮಾಡುತ್ತಿದ್ದಳು. ಹಂಚಿನ ಮಾತು ಬಂದಾಗ ಕೈ ನಿಂತಿತು.

"ಒಂದು ಕೇಳ್ತೀನಿ ಮೇಡಮ್," ಎಂದರು ಜಗದೇವಿ. "ಒಂದೇ ಆಧಾರ್ ನಂಬರಿನ ಇಬ್ಬರು ಮಂದಿ ಇರ್ತಾರೇನ್ರಿ?"

"ಇರಲ್ಲಮ್ಮ."

"ನಮ್ಮೂರಾಗ ಮೂರು ಕೊಂಡಿ ಅವ, ಮೂರಕ್ಕೂ ಒಂದೇ ನಂಬರು. ನಿಮ್ಮ ಹಂತ್ಯಾಕ ಎಲ್ಲಾ ಮನಿ ಪಟ್ಟಿ ಇರ್ತದಲ್ಲ. ಅದರಾಗ ಈ ನಂಬರು ಎಷ್ಟು ಸಲ ಬಂದದ, ಒಮ್ಮಿ ಎಣಸ್ರಿ."

ಅವರು ಒಂದೊಂದೇ ಅಕ್ಷರ ಹೇಳಿದರು, ಫರ್ಹಾನಾ ಬರೆದುಕೊಂಡಳು. ಎಲ್ಲ ಫೈರ್‌ವಾಲುಗಳ ಎಲ್ಲ ವಿಳಾಸಗಳೂ ಅವಳ ಬಳಿ ಮೊದಲ ದಿನದಿಂದ ಇದ್ದವು. ಅವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಎಲ್ಲವೂ ಬೇರೆಬೇರೆ ಇರಲೇಬೇಕು ಎಂದು ಕಾಲೇಜಿನಲ್ಲಿ ಓದಿದ್ದಳಲ್ಲ. ಪಟ್ಟಿಯನ್ನು ವಿಳಾಸದ ಕ್ರಮಕ್ಕೆ ಜೋಡಿಸಿದಳು. ಪರದೆ ಜಾರುತ್ತ ಹೋಯಿತು, ಬೇರೆ, ಬೇರೆ, ಬೇರೆ. ಆಮೇಲೆ ಒಂದೇ ಹನ್ನೆರಡು ಅಕ್ಷರ ಪುಟದ ಮೇಲೆ ಪುಟ. ನಾನೂರ ಹನ್ನೆರಡು ಮನೆ. ಅದರಲ್ಲಿ ಏಳುನೂರ ಆರನೆಯ ಮನೆಯೂ ಇತ್ತು.

ಅವಳು ಆ ಸಾಲುಗಳನ್ನು ಮೊದಲಿನಿಂದ ಮತ್ತೆ ಎಣಿಸಿದಳು. ಲೈನ್ ಕಡಿಯಿತೇನೋ ಎಂದು ಜಗದೇವಿ ಎರಡು ಸಲ ಹಲೋ ಎಂದರು.

"ಅಮ್ಮಾ, ನೀವು ಯಾರು?" ಎಂದು ಕೇಳಿದಳು ಫರ್ಹಾನಾ.

"ಹೇಳಿದ್ನಲ್ರಿ. ಜಗದೇವಿ. ಲ್ಯಾಬ್ ಅಟೆಂಡರ್ ಇದ್ದೆ."

*

ಡಾಕ್ಟರ್ ಪಂಪಾಪತಿ ಎಲ್ಲವನ್ನೂ ಕೇಳಿ ಮೊದಲು ಇಲ್ಲ ಎಂದರು. ಅನುಮೋದನೆಯಾದ ಫೈರ್‌ವಾಲ್ ಸೆಟ್ಟಿಂಗನ್ನು ನಾನೂರು ರೋಗಿಗಳ ಮನೆಯಲ್ಲಿ ತಿದ್ದುವುದು, ಅದೂ ರೊಟ್ಟಿ ಹಂಚಿನ ಮೇಲೆ ಮಾಡಿದ ಪರೀಕ್ಷೆ ನಂಬಿ. ನಾಳೆ ಹೆಚ್ಚುಕಡಿಮೆಯಾದರೆ ಯಾರಿಗೆ ಉತ್ತರ ಕೊಡುವುದು ಎಂದು ಕೇಳಿದರು. ಮಾತಿನಲ್ಲಿ ನ್ಯಾಯವಿತ್ತು. ವೇಗ ಬದಲಿಸಿದರೆ ನಕಲಿ ಚಿಪ್ಪು ಒಮ್ಮೆ ತಬ್ಬಿಬ್ಬಾಗಿ ಬಾಗಿಲು ಮುಚ್ಚುತ್ತದೆ. ಮನೆಯಲ್ಲಿದ್ದವರು ಕೊಂಡಿ ಕಿತ್ತು ಇಪ್ಪತ್ತು ಎಣಿಸಿ ಮತ್ತೆ ಸಿಕ್ಕಿಸಬೇಕು ಎಂದು ಜಗದೇವಿಯೇ ಎಚ್ಚರಿಸಿದ್ದರು. ಅಷ್ಟು ಹೊತ್ತು ರೋಗಿ ಎರಡು ಲೀಟರಿನಲ್ಲಿರಬೇಕು.

ಫರ್ಹಾನಾ ವಾದ ಮಾಡಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ಅವರ ಮುಂದಿಟ್ಟು ಪುಟಗಳನ್ನು ಜಾರಿಸಿದಳು. ಒಂದು ಕಾಲಂನಲ್ಲಿ ಒಂದೇ ನಂಬರು, ಪಕ್ಕದ ಕಾಲಂನಲ್ಲಿ ಆ ಮನೆ ಎಷ್ಟು ಮಧ್ಯಾಹ್ನ ಬೂದಾಗಿತ್ತು ಎಂಬ ಲೆಕ್ಕ. ಹೊಸ ಅಡಾಪ್ಟರಿನಿಂದ ಸರಿಹೋದ ಆರನ್ನು ಬಿಟ್ಟರೆ, ನಂಬರು ಬೇರೆಯಿದ್ದ ಒಂದು ಮನೆಯೂ ಬೂದಾಗಿರಲಿಲ್ಲ. ಏಳುನೂರ ಆರು ಬಂದಾಗ ಡಾಕ್ಟರ್ ಬೆರಳು ಎತ್ತಿ ನಿಲ್ಲಿಸಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಾಳೆ ಎಷ್ಟು ಡಿಗ್ರಿ ಅಂದಿದ್ದಾರೆ?"

"ನಲವತ್ತಾರು, ಸರ್."

"ಆ ತಾಯಿ ಬೆಳಿಗ್ಗೆ ಇಲ್ಲಿರಬೇಕು. ಗಾಡಿ ಕಳಿಸು. ನಾನು ಸಹಿ ಹಾಕ್ತೀನಿ."

ಮಾರನೆಯ ಬೆಳಿಗ್ಗೆ ಆರಕ್ಕೆ ಜಗದೇವಿ ಕೇಂದ್ರಕ್ಕೆ ಬಂದರು. ಅಲ್ಲಿನ ತಂಪಿಗೆ ಸೆರಗು ಹೊದ್ದು ಕೂತರು. ಹಿಂದಿನ ಸಂಜೆಯೇ ಮಾಪಣ್ಣನ ಮನೆಯಲ್ಲಿ ವೇಗ ಇಳಿಸಿ, ಚಂದಮ್ಮನ ಕೈಯಿಂದಲೇ ಕೊಂಡಿ ಕಿತ್ತು ಹಾಕಿಸಿ ನೋಡಿ ಬಂದಿದ್ದರು. ಅಕ್ಷರ ಬಾರದ ಕೈಗೂ ಇದು ಸಾಧ್ಯವೇ ಎಂದು ತಿಳಿಯಬೇಕಿತ್ತು. ವೇಗವನ್ನು ಕೇಂದ್ರದಿಂದಲೇ ಇಳಿಸುವುದೆಂದಾಗಿತ್ತು; ಮನೆಯವರಿಂದ ಕೊಂಡಿ ಕಿತ್ತು ಹಾಕಿಸಲು ಹದಿನಾಲ್ಕು ಜನ ಫೋನ್ ಹಿಡಿದು ತಯಾರಿದ್ದರು. ಅವರಿಗೆಲ್ಲ ಹೇಳಿಕೊಡಲು ಫರ್ಹಾನಾ ಇಂಗ್ಲಿಷಿನಲ್ಲಿ ಎರಡು ಪುಟ ಬರೆದಿದ್ದಳು. ಜಗದೇವಿ ಮೊದಲ ಮನೆಗೆ ಮಾತಾಡಿದ್ದನ್ನು ಕೇಳಿ ಆ ಎರಡು ಪುಟವನ್ನು ಮಡಿಸಿಟ್ಟಳು.

ಜಗದೇವಿ ಹೀಗೆ ಹೇಳುತ್ತಿದ್ದರು. ಅವ್ವಾ, ಮೊದ್ಲು ಪೇಶಂಟಿಗೆ ಎಬ್ಬಿಸಿ ಕುಂಡ್ರಿಸು, ಬೆನ್ನಿಗೆ ದಿಂಬು ಕೊಡು. ಈಗ ಪೆಟ್ಟಿಗಿ ಹಿಂದ ನೋಡು, ಹೆಬ್ಬಟ್ಟಿನಷ್ಟು ಕರೀದು ಒಂದದ, ಅದಕ್ಕ ಹಸರು ದೀಪ. ಅದನ್ನ ಜಗ್ಗು, ಅಂಜಬ್ಯಾಡ, ಮುರಿಯಂಗಿಲ್ಲ. ಇನ್ನ ನನ್ನ ಜೋಡಿ ಎಣಸು. ಒಂದು, ಎರಡು. ಅತ್ತ ಕಡೆಯ ಹೆಂಗಸೂ ಎಣಿಸುತ್ತಿದ್ದಳು. ಇಪ್ಪತ್ತಕ್ಕೆ ಕೊಂಡಿ ಮತ್ತೆ ಸಿಕ್ಕಿಸಿದಾಗ ನಕ್ಷೆಯ ಮೇಲೆ ಬೂದಾಗಿದ್ದ ಚುಕ್ಕೆ ಹಸಿರಾಗುತ್ತಿತ್ತು.

ಸ್ವಲ್ಪ ಹೊತ್ತಿನಲ್ಲಿ ಹದಿನಾಲ್ಕೂ ಮೇಜುಗಳಿಂದ ಅದೇ ಮಾತು, ಅದೇ ಎಣಿಕೆ ಕೇಳತೊಡಗಿತು. ಎಂಟಕ್ಕೆ ನೂರು ಮನೆ ದಾಟಿತು. ಒಬ್ಬ ಅಜ್ಜಿಗೆ ಕಣ್ಣು ಕಾಣದು, ಬೆರಳಿನಿಂದಲೇ ತಡವಿ ಕೊಂಡಿ ಹುಡುಕಿದಳು. ಒಂದು ಮನೆಯಲ್ಲಿ ರೋಗಿ ಒಬ್ಬನೇ ಇದ್ದ, ಕೊಳವೆ ಎಳೆದುಕೊಂಡು ತಾನೇ ಬಂದು ಕೊಂಡಿ ಕಿತ್ತು, ಏದುಸಿರಿನಲ್ಲಿ ಇಪ್ಪತ್ತರವರೆಗೂ ಎಣಿಸಿ ಸಿಕ್ಕಿಸಿದ. ಅವನ ಜತೆ ಫರ್ಹಾನಾ ಎಣಿಸುತ್ತಿದ್ದಳು; ಹದಿನೆಂಟಕ್ಕೆ ಅವಳ ಲೆಕ್ಕ ತಪ್ಪಿತು. ಅವನು ಮಾತ್ರ ಹತ್ತೊಂಬತ್ತು, ಇಪ್ಪತ್ತು ಎಂದು ಮುಗಿಸಿದ.

ಹನ್ನೆರಡೂಕಾಲಿಗೆ ನಾನೂರ ಎಂಟು ಮನೆ ಮುಗಿದಿದ್ದವು. ನಾಲ್ಕು ಕಡೆ ಕೊಂಡಿ ಹತ್ತರ ವೇಗಕ್ಕೆ ಒಪ್ಪಲೇ ಇಲ್ಲ. ಆ ನಾಲ್ವರು ರೋಗಿಗಳನ್ನು ಕರೆತರಲು ಆಂಬುಲೆನ್ಸುಗಳು ಆಗಲೇ ಹೊರಟಿದ್ದವು. ಏಳುನೂರ ಆರಕ್ಕೆ ಯಾರೂ ಫೋನ್ ಮಾಡುವಂತಿರಲಿಲ್ಲ ಎಂದು ಯಾರೋ ಲೆಕ್ಕ ತಿದ್ದಿದರು. ನಾನೂರ ಏಳು.

ಎರಡೂವರೆಗೆ ಹೊರಗಿನ ತಾಪ ನಲವತ್ತಾರು ಮುಟ್ಟಿತು. ಹದಿನಾಲ್ಕು ಜನವೂ ಫೋನ್ ಇಟ್ಟು ಗೋಡೆ ನೋಡುತ್ತ ನಿಂತರು. ಎರಡು ನಲವತ್ತಾಯಿತು, ಮೂರಾಯಿತು. ಕೆಲವು ಚುಕ್ಕೆ ಹಳದಿಯಾದವು. ವೈದ್ಯರು ಲೀಟರು ಏರಿಸಿದರು, ಹಸಿರಾದವು. ಮೂರೂವರೆಗೆ ಒಂದು ಬೂದಾಯಿತು. ಫೋನ್ ಮಾಡಿದರೆ ಅಲ್ಲಿ ಕರೆಂಟ್ ಹೋಗಿ ಬ್ಯಾಟರಿ ಬದಲಿಸುತ್ತಿದ್ದರು ಅಷ್ಟೆ. ಐದು ಗಂಟೆಗೆ ಡಾಕ್ಟರ್ ಪಂಪಾಪತಿ ಒಂದು ಕುರ್ಚಿ ಎಳೆದು ಜಗದೇವಿಯ ಎದುರು ಕೂತು, ಇಷ್ಟು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ನಿಮಗೆ ಇದನ್ನೆಲ್ಲ ಕಲಿಸಿದವರು ಯಾರು ಎಂದು ಕೇಳಿದರು. ಯಾರೂ ಕಲಿಸಲಿಲ್ಲ, ಸಾಮಾನು ಎಣಿಸಿ ಒಳಗಿಡುವಾಗ ಕೆಟ್ಟದ್ದು ಯಾವುದು ಎಂದು ನೋಡಲೇಬೇಕಿತ್ತು, ಇಲ್ಲದಿದ್ದರೆ ಮರುದಿನ ಹುಡುಗರ ಪ್ರಯೋಗ ತಪ್ಪುತ್ತಿತ್ತು ಎಂದರು ಜಗದೇವಿ. ಡಾಕ್ಟರ್ ತಲೆಯಾಡಿಸಿದರು.

*

ಮೇ ತಿಂಗಳಲ್ಲಿ ರಾಜ್ಯದ ಎಲ್ಲ ಮನೆವಾರ್ಡುಗಳಿಗೆ ಹೊಸ ಆದೇಶ ಬಂತು. ಅಡಾಪ್ಟರ್ ತನ್ನ ಬಗ್ಗೆ ತಾನು ಹೇಳಿಕೊಂಡದ್ದನ್ನು ನಂಬಕೂಡದು. ವಿಳಾಸ ಹೋಲಿಸಿ, ಕಾಯಿಸಿ ನೋಡಿಯೇ ಮನೆಗೆ ಕೊಡಬೇಕು. ಹೊಂದುವ ಕೊಂಡಿಗಳ ಹೊಸ ಪಟ್ಟಿ ತಯಾರಿಸುವ ಕೆಲಸವನ್ನು ಜಗದೇವಿಗೇ ವಹಿಸಿದರು. ಅವರು ಕೇಂದ್ರಕ್ಕೆ ಬರಲು ಒಪ್ಪಲಿಲ್ಲ. ಅಲ್ಲಿನ ತಂಪಿನಲ್ಲಿ ಯಾವ ಕೊಂಡಿಯೂ ಕೆಡುವುದಿಲ್ಲ, ಪರೀಕ್ಷೆಯಾಗಬೇಕಾದ್ದು ಇಂಗಳವಾಡಿಯ ಮಾಳಿಗೆ ಕೆಳಗೆ ಎಂದರು. ವಾರಕ್ಕೊಮ್ಮೆ ಡಬ್ಬದ ತುಂಬ ಕೊಂಡಿಗಳು ಅವರ ಮನೆಗೆ ಹೋಗತೊಡಗಿದವು.

ಅಂಥ ಒಂದು ಡಬ್ಬ ಹಿಡಿದು ಫರ್ಹಾನಾ ತಾನೇ ಒಂದು ಮಧ್ಯಾಹ್ನ ಇಂಗಳವಾಡಿಗೆ ಹೋದಳು. ಜಗದೇವಿಯ ಮನೆಗೆ ಚಿಲಕ ಹಾಕಿತ್ತು. ಪಕ್ಕದ ಮನೆಯ ಬಾಗಿಲಲ್ಲಿ ಚಂದಮ್ಮ ತುಟಿಯ ಮೇಲೆ ಬೆರಳಿಟ್ಟು ಕೈಸನ್ನೆ ಮಾಡಿ ಕರೆದಳು. ಒಳಗೆ ಮಾಪಣ್ಣ ಮಲಗಿದ್ದ. ಆ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಅವನು ನಿದ್ದೆ ಮಾಡಿದ್ದು ಅದೇ ಮೊದಲೆಂದು ಚಂದಮ್ಮ ಪಿಸುದನಿಯಲ್ಲಿ ಹೇಳಿದಳು. ಗೋಡೆಗೆ ಒರಗಿ ಕೂತಿದ್ದ ಜಗದೇವಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಫರ್ಹಾನಾ ಬಿಸಿ ಕಲ್ಲಿನ ಮೇಲೆ ದುಪಟ್ಟಾ ಹಾಸಿಕೊಂಡು ಕೂತಳು. ಮೂವರೂ ಯಂತ್ರದ ಸದ್ದು ಕೇಳುತ್ತ ಮುಕ್ಕಾಲು ತಾಸು ಕೂತಿದ್ದರು. ಕೇಂದ್ರದಲ್ಲಿ ಅವನು ಒಂಬೈನೂರ ಹದಿನೇಳನೆಯ ಚುಕ್ಕೆ. ಆ ಚುಕ್ಕೆಗೆ ಬಿಳಿ ಗಡ್ಡವಿದೆ, ಎಡಗೈಯ ಎರಡು ಬೆರಳು ಅರ್ಧವೇ ಇವೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ನಾಲ್ಕರ ಹೊತ್ತಿಗೆ ಮಾಪಣ್ಣ ಕಣ್ಣು ತೆರೆದ. ಹೊಸ ಮುಖ ಕಂಡು ಜಗದೇವಿಯತ್ತ ನೋಡಿದ.

"ಯಾರಿವರು, ಯಕ್ಕಾ?"

"ನಮ್ಮ ತಂಗಿ," ಎಂದರು ಜಗದೇವಿ. "ಅಲ್ಲಿ ಆಫೀಸಿನ್ಯಾಗ ಕುಂತು ದಿನಾ ನಿನ್ನ ಉಸಿರು ನೋಡ್ತಾಳ."

ಮಾಪಣ್ಣ ಅವಳತ್ತ ತಿರುಗಿದ. ಆಮೇಲೆ ಕ್ಲಿಪ್ಪು ಕಚ್ಚಿದ್ದ ಬೆರಳನ್ನು ಹಾಗೆಯೇ ಎತ್ತಿ, ಇನ್ನೊಂದು ಕೈಯನ್ನು ಅದಕ್ಕೆ ಜೋಡಿಸಿ ಮುಗಿಯಲು ನೋಡಿದ. ಫರ್ಹಾನಾ ಗಡಬಡಿಸಿ ಎದ್ದು, ಜೋಡಿಸುವ ಮೊದಲೇ ಆ ಕೈಗಳನ್ನು ಹಿಡಿದುಕೊಂಡಳು. ಕ್ಲಿಪ್ಪು ಸ್ವಲ್ಪ ಜಾರಿತು. ನಲವತ್ತು ಕಿಲೋಮೀಟರ್ ಆಚೆ ಒಂದು ಚುಕ್ಕೆ ಹಳದಿಯಾಗಿ, ಅವಳು ಕ್ಲಿಪ್ಪನ್ನು ಸರಿಪಡಿಸಿದ ಮೇಲೆ ಮತ್ತೆ ಹಸಿರಾಯಿತು.